ಕಡಿವಾಣ ಹಿಡಿದ ಕೈ

ಬೆಳಗಿನ ಏಳು ಗಂಟೆ. ಮೈಸೂರು ಅರಮನೆಯ ಉತ್ತರ ದ್ವಾರದ ಬಳಿ, ಕೋಟೆ ಆಂಜನೇಯಸ್ವಾಮಿ ಗುಡಿಯ ಗಂಟೆಗೆ ಕಿವಿ ನಿಮಿರಿಸಿ ಟಾಂಗಾ ಕುದುರೆಗಳು ನಿಂತಿವೆ. ಮೊದಲ ಗಾಡಿಯವರು ತಮ್ಮ ಬಿಳಿ ಕುದುರೆಯ ಬಾಯಂಚಿಗೆ ಹೆಬ್ಬೆರಳು ತೂರಿಸಿ ಕಡಿವಾಣ ಹಾಕಿದರು. ಕೈ ಈಚೆ ತೆಗೆದಾಗ ಬೆರಳೆಲ್ಲ ಜೊಲ್ಲು. ಲಗಾಮು ಹಿಡಿದು ಹಿಡಿದು ಬೆರಳ ಸಂದಿಯ ಚರ್ಮ ಬಿರಿದಿತ್ತು. "ದಿನಾ ಬಾಯಿಗೆ ಕೈ ಹಾಕ್ತೀನಿ ಸಾರ್, ಮಗು ಇದ್ದಂಗೆ ಇರ್ತಾನೆ" ಎಂದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

ಗಾಡಿಯ ನೆರಳಲ್ಲಿ ಎರಡು ಬೀದಿನಾಯಿ ಮಲಗಿದ್ದವು. ಹುಚ್ಚು ಹಿಡಿದ ನಾಯಿ ಕಚ್ಚುವುದು ಹೆಚ್ಚಾಗಿ ಕುದುರೆಯ ಮೂತಿಗೆ, ಕಾಲಿಗೆ. ಕೂದಲ ಮರೆಯ ಹಲ್ಲಿನ ಗುರುತು ಕಣ್ಣಿಗೆ ಬೀಳುವುದೇ ಇಲ್ಲ. ವಾರಗಳೋ ತಿಂಗಳುಗಳೋ ಕಳೆದು ಕುದುರೆ ಮೇವು ಬಿಡುತ್ತದೆ, ಹಿಂಗಾಲು ತೊಡರುತ್ತದೆ, ನುಂಗಲಾರದೆ ಜೊಲ್ಲು ಸುರಿಸುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಸಾಕಿದವರು ಕೈ ಹಾಕುತ್ತಾರೆ. ರೇಬೀಸ್ ವೈರಸ್ ಇರುವುದು ಆ ಜೊಲ್ಲಿನಲ್ಲೇ. ಲಕ್ಷಣ ಕಂಡ ಮೇಲೆ ಔಷಧವಿಲ್ಲ. ಕೆಲವೇ ದಿನಗಳಲ್ಲಿ ಕುದುರೆ ಸಾಯುತ್ತದೆ.

ಸಾಲಿನ ಕೊನೆಯಲ್ಲಿ ಲಾಳ ಹೊಡೆಯುವ ಸದ್ದು. ನೆಲದ ತುಂಬ ಹಳೇ ಮೊಳೆ. ಗೊರಸಿಗೆ ಇಂಥದೊಂದು ಚುಚ್ಚಿದರೆ ಧನುರ್ವಾಯು ಬರಬಹುದು. ಸಾಕುಪ್ರಾಣಿಗಳಲ್ಲೆಲ್ಲ ಅದಕ್ಕೆ ಬೇಗ ತುತ್ತಾಗುವುದು ಕುದುರೆಯೇ. ಪಕ್ಕದಲ್ಲಿ ಒಂದೇ ಬಕೆಟ್‌ನಲ್ಲಿ ಮೂರು ಕುದುರೆ ನೀರು ಕುಡಿಯುತ್ತಿದ್ದವು. ಗ್ಲಾಂಡರ್ಸ್ ಹರಡುವ ದಾರಿಗಳಲ್ಲಿ ಇದೂ ಒಂದು. ಮೂಗಿನಲ್ಲಿ ಗಟ್ಟಿ ಸಿಂಬಳ, ಚರ್ಮದಲ್ಲಿ ಒಡೆಯುವ ಗಂಟು. ಮನುಷ್ಯರಿಗೂ ಅಂಟುವ ರೋಗ. ಇದಕ್ಕೆ ಲಸಿಕೆಯಿಲ್ಲ. ರಕ್ತಪರೀಕ್ಷೆಯಲ್ಲಿ ಖಚಿತವಾದರೆ ಕುದುರೆಗೆ ದಯಾಮರಣವೇ ಗತಿ. ಕೆಮ್ಮಿನಿಂದ ಹಬ್ಬುವ ಕುದುರೆ ಫ್ಲೂ 2008ರಲ್ಲಿ ಜಮ್ಮುವಿನ ಕಟ್ರಾದಲ್ಲಿ ಕಾಣಿಸಿಕೊಂಡು, ಮರುವರ್ಷದ ಹೊತ್ತಿಗೆ ಹಲವು ರಾಜ್ಯಗಳನ್ನು ಮುಟ್ಟಿತ್ತು. ಕುದುರೆಗೊಂದು ಬಕೆಟ್ ಇಡುವುದು, ಹೊಸದಾಗಿ ಕೊಂಡ ಕುದುರೆಯನ್ನು ಕೆಲವು ವಾರ ಬೇರೆ ಕಟ್ಟುವುದು ಯಾರ ಕೈಗೂ ಎಟುಕುವ ಕೆಲಸ.

ಮತ್ತೆ ಬಿಳಿ ಕುದುರೆಯ ಬಳಿಗೆ ಬಂದು, "ಇವನಿಗೆ ಸೂಜಿ ಹಾಕಿಸಿದ್ದೀರಾ?" ಎಂದೆ.

"ಮೊಳೆ ಚುಚ್ಚಿದಾಗ ಧನುರ್ವಾಯಿಂದು ಹಾಕಿಸಿದೀನಿ. ನಾಯಿ ಕಚ್ಚೋದ್ದು ಕುದುರೆಗೂ ಇದೆಯಾ ಸಾರ್?"

ಇದೆ. ಕಚ್ಚುವ ಮೊದಲೇ ಹಾಕಿಸಿ, ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ಮುಂದುವರಿಸಬೇಕು. ಕಚ್ಚಿದ್ದು ಕಂಡರೆ ಕೈಗವಸು ಹಾಕಿ ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು ತಕ್ಷಣ ಪಶುವೈದ್ಯರನ್ನು ಕರೆಸಬೇಕು. ರೋಗದ ಅನುಮಾನವಿದ್ದರೆ ಬಾಯಿಗೆ ಕೈ ಹಾಕಲೇಬಾರದು. ಬಿರಿದ ಕೈಗೆ ಜೊಲ್ಲು ತಾಗಿದವರು ತಾವೂ ಕೈ ತೊಳೆದು ಆಸ್ಪತ್ರೆಗೆ ಓಡಬೇಕು. ನಾನು ಹೇಳಿದ್ದನ್ನೆಲ್ಲ ಅವರು ಸುಮ್ಮನೆ ಕೇಳಿದರು.

ಹೊರಟು ಒಮ್ಮೆ ತಿರುಗಿ ನೋಡಿದೆ. ಬಂದ ಸವಾರಿಯನ್ನು ಕಾಯಲು ಹೇಳಿ, ಅವರು ನೆಲಕ್ಕೆ ಕುಕ್ಕರಿಸಿ ಕುದುರೆಯ ಕಾಲಿನ ಕೂದಲನ್ನು ಒಂದೊಂದೇ ಎಳೆ ಸರಿಸಿ ನೋಡುತ್ತಿದ್ದರು.