ದನಿಯ ಗುಟ್ಟು ಬಿಡಿಸಿದ ಸುಂಡ್‌ಬರ್ಗ್

ಹತ್ತಾರು ವಾದ್ಯಗಳ ಆರ್ಕೆಸ್ಟ್ರಾ ಒಟ್ಟಿಗೆ ಮೊಳಗುತ್ತಿರುತ್ತದೆ. ಅದರ ಮುಂದೆ ಮೈಕಿಲ್ಲದೆ ನಿಂತ ಒಪೆರಾ ಗಾಯಕನ ದನಿ ಮಾತ್ರ ಹಿಂದಿನ ಸಾಲಿನವರಿಗೂ ಬಿಡಿಯಾಗಿ ಕೇಳುತ್ತದೆ. ಶ್ವಾಸಕೋಶದ ಬಲವೊಂದರಿಂದಲೇ ಇದು ಆಗುವ ಮಾತಲ್ಲ. ಹಾಗಾದರೆ ಗುಟ್ಟು ಎಲ್ಲಿದೆ? ಈ ಪ್ರಶ್ನೆಯ ಬೆನ್ನುಹತ್ತಿದವರು ಸ್ವೀಡನ್ನಿನ ಪ್ರೊಫೆಸರ್ ಯೋಹಾನ್ ಸುಂಡ್‌ಬರ್ಗ್.

1936ರಲ್ಲಿ ಹುಟ್ಟಿದ ಸುಂಡ್‌ಬರ್ಗ್ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಓದಿದ್ದು ಸಂಗೀತಶಾಸ್ತ್ರ. 1966ರಲ್ಲಿ ಡಾಕ್ಟರೇಟ್ ಪಡೆದದ್ದು ಆರ್ಗನ್ ಕೊಳವೆಗಳ ಮೇಲಿನ ಅಧ್ಯಯನಕ್ಕೆ: ಕೊಳವೆಯ ಅಳತೆ ಬದಲಾದರೆ ನಾದ ಹೇಗೆ ಬದಲಾಗುತ್ತದೆ ಎಂಬುದು ಅದರ ವಿಷಯ. ಅಲ್ಲಿಂದ ಮನುಷ್ಯನ ಕಂಠಕ್ಕೆ ದಾರಿ ದೂರವಿರಲಿಲ್ಲ. ಕಂಠವೂ ಒಂದು ಕೊಳವೆಯೇ, ಕ್ಷಣಕ್ಷಣಕ್ಕೂ ಆಕಾರ ಬದಲಿಸುವ ಜೀವಂತ ಕೊಳವೆ. ಸ್ಟಾಕ್‌ಹೋಮಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಗುನ್ನಾರ್ ಫಾಂಟ್ ಕಟ್ಟಿದ್ದ ಮಾತಿನ ಪ್ರಯೋಗಾಲಯ ಅವರ ಕರ್ಮಭೂಮಿಯಾಯಿತು. 1979ರಲ್ಲಿ ಅಲ್ಲಿಯೇ ಸಂಗೀತ ಧ್ವನಿವಿಜ್ಞಾನದ ಪ್ರೊಫೆಸರ್ ಆದರು, 2001ರಲ್ಲಿ ನಿವೃತ್ತರಾದರು.

ಆರ್ಕೆಸ್ಟ್ರಾದ ನಾದಶಕ್ತಿ ಹೆಚ್ಚಾಗಿರುವುದು 500 ಹರ್ಟ್ಸ್ ಆಸುಪಾಸಿನಲ್ಲಿ. ಮೇಲೆ ಹೋದಂತೆ ಅದು ಇಳಿಯುತ್ತದೆ. ನುರಿತ ಒಪೆರಾ ಗಾಯಕನ ದನಿಯಲ್ಲಿ 3,000 ಹರ್ಟ್ಸ್ ಸುತ್ತ ಇನ್ನೊಂದು ಶಿಖರ ಏಳುತ್ತದೆ. ಆರ್ಕೆಸ್ಟ್ರಾ ಕ್ಷೀಣಿಸಿದ ಜಾಗದಲ್ಲೇ ಗಾಯಕ ಪ್ರಬಲನಾಗುತ್ತಾನೆ. ಸ್ವೀಡನ್ನಿನ ಹೆಸರಾಂತ ಟೆನರ್ ಯೂಸಿ ಬ್ಯೋರ್ಲಿಂಗ್ ಅವರ ಧ್ವನಿಮುದ್ರಿಕೆಯಲ್ಲೂ ಸುಂಡ್‌ಬರ್ಗ್ ಇದನ್ನು ತೋರಿಸಿದರು. ಈ ಶಿಖರವನ್ನು ಹಿಂದಿನವರೂ ಗಮನಿಸಿದ್ದರು. ಅದು ಹುಟ್ಟುವ ಬಗೆಯನ್ನು ಸುಂಡ್‌ಬರ್ಗ್ 1974ರಲ್ಲಿ ವಿವರಿಸಿದರು: ಗಾಯಕ ಧ್ವನಿಪೆಟ್ಟಿಗೆಯನ್ನು ಕೆಳಗಿಳಿಸಿ ಗಂಟಲನ್ನು ಅಗಲಿಸುತ್ತಾನೆ. ಧ್ವನಿತಂತುಗಳ ಮೇಲಿನ ಕಿರುಕೊಳವೆಯ ಬಾಯಿಗಿಂತ ಗಂಟಲು ಸುಮಾರು ಆರು ಪಟ್ಟು ವಿಶಾಲವಾದರೆ, ಆ ಕಿರುಕೊಳವೆ ತಾನೇ ಒಂದು ಅನುರಣಕವಾಗುತ್ತದೆ. ಆಗ ಅನುರಣನಗಳು ಒತ್ತಾಗಿ ಸೇರಿ ದನಿಗೆ ಹೊಳಪು ಬರುತ್ತದೆ. ಇದಕ್ಕೆ ‘ಗಾಯಕರ ಫಾರ್ಮೆಂಟ್’ ಎಂದು ಹೆಸರು.

ತಾರಸ್ಥಾಯಿಯಲ್ಲಿ ಹಾಡುವ ಸೊಪ್ರಾನೊ ಗಾಯಕಿಯರ ದಾರಿ ಬೇರೆ. ಸ್ವರ ಏರಿದಷ್ಟೂ ಅವರ ದವಡೆ ತೆರೆದುಕೊಳ್ಳುತ್ತದೆ. ಬಾಯಿಯ ಮೊದಲ ಅನುರಣನವನ್ನು ಹಾಡುವ ಸ್ವರಕ್ಕೆ ಹೊಂದಿಸುವ ಉಪಾಯ ಅದು. ಹೆಚ್ಚು ಶ್ರಮವಿಲ್ಲದೆ ದನಿ ದೊಡ್ಡದಾಗುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ತಾರಸ್ಥಾಯಿಯಲ್ಲಿ ‘ಈ’, ‘ಊ’ಗಳೆಲ್ಲ ‘ಆ’ಕಾರದತ್ತ ವಾಲುತ್ತವೆ, ಸಾಹಿತ್ಯ ಅಸ್ಪಷ್ಟವಾಗುತ್ತದೆ. ಅದನ್ನು ಗಾಯಕಿಯ ಉದಾಸೀನವೆಂದು ದೂರುವುದು ತಪ್ಪು.

ಸುಂಡ್‌ಬರ್ಗ್ ಕುತೂಹಲ ಕಂಠಕ್ಕೇ ನಿಲ್ಲಲಿಲ್ಲ. ಸ್ವರಲಿಪಿಯಲ್ಲಿ ಇಲ್ಲದ ಜೀವವನ್ನು ವಾದಕರು ನುಡಿಸುವಾಗ ಹೇಗೆ ತುಂಬುತ್ತಾರೆ ಎಂದು ಪಿಟೀಲುವಾದಕ ಲಾರ್ಸ್ ಫ್ರೀಡೆನ್ ಜೊತೆ ಕೂತು ನಿಯಮಗಳನ್ನು ರೂಪಿಸಿದರು. ಅವನ್ನು ಕಂಪ್ಯೂಟರಿನಲ್ಲಿ ನುಡಿಸಿ ಕೇಳಿ ತಿದ್ದಿದರು. ಸಹಸಂಶೋಧಕ ಆಂಡರ್ಸ್ ಫ್ರೀಬರ್ಗ್ ಜೊತೆಗಿನ 1999ರ ಅಧ್ಯಯನದಲ್ಲಿ, ಕೃತಿಯ ಕೊನೆಯಲ್ಲಿ ಲಯ ನಿಧಾನವಾಗುವ ರೀತಿಗೂ ಓಟಗಾರ ನಿಲ್ಲುವ ರೀತಿಗೂ ಹೋಲಿಕೆಯಿದೆ ಎಂದು ತೋರಿಸಿದರು.

ಇಷ್ಟೆಲ್ಲ ಅಳೆದವರು ಸ್ವತಃ ಹಾಡುಗಾರರೂ ಹೌದು. ಸ್ಟಾಕ್‌ಹೋಮ್ ಬಾಖ್ ಕಾಯರ್‌ನಲ್ಲಿ ಬಹುಕಾಲ ಹಾಡಿದರು. 1987ರಲ್ಲಿ ಇಂಗ್ಲಿಷಿಗೆ ಬಂದ ಅವರ ‘ದಿ ಸೈನ್ಸ್ ಆಫ್ ದಿ ಸಿಂಗಿಂಗ್ ವಾಯ್ಸ್’ ಗಾಯನ ಶಿಕ್ಷಕರಿಗೂ ಧ್ವನಿ ಚಿಕಿತ್ಸಕರಿಗೂ ಆಕರಗ್ರಂಥ. ದನಿ ದೂರ ಮುಟ್ಟಬೇಕಾದರೆ ಗಂಟಲು ಹರಿದುಕೊಳ್ಳಬೇಕಿಲ್ಲ, ಒಳಗಿನ ಆಕಾರ ಒಲಿಯಬೇಕು. ಒಳ್ಳೆಯ ಗುರುಗಳು ಅನುಭವದಿಂದ ಹೇಳುತ್ತಿದ್ದ ಈ ಮಾತಿಗೆ ಸುಂಡ್‌ಬರ್ಗ್ ಪುರಾವೆ ಒದಗಿಸಿದರು. ಹಾಡುವ ಮಂದಿಗೆ ಅವರು ಮಾಡಿದ ದೊಡ್ಡ ಉಪಕಾರ ಅದು.