ಕೋಳಿ ಮುಚ್ಚುವ ಹೊತ್ತು

‘ಹೊತ್ತ ಮುಣಗ್ತು, ಕೋಳಿ ಮುಚ್ಚಿದಿ ಏನು?’

ಬೀದರ ಸೀಮೆಯ ನಮ್ಮ ಬೇಮಳಖೇಡದ ಮನೆಯಲ್ಲಿ ದೀಪ ಹಚ್ಚುವ ಮುನ್ನ ಅವ್ವ ಕೇಳುವ ಮಾತಿದು. ಕೋಳಿಗೂಡಿಗೆ ಬಾಗಿಲು ಬಂದು, ಬಾಗಿಲಿಗೆ ಚಿಲಕ ಬಂದು ಎಷ್ಟೋ ವರ್ಷವಾದವು. ಆದರೂ ಕೋಳಿಯನ್ನು ‘ಒಳಗೆ ಹಾಕಿದಿ ಏನು’ ಎಂದು ಅವಳು ಕೇಳುವುದಿಲ್ಲ. ಮುಚ್ಚುವುದೇ. ಗೂಡು ಎಲ್ಲಿಂದ ಬಂತೆಂಬುದನ್ನು ಆ ಮಾತು ಇನ್ನೂ ಮರೆತಿಲ್ಲ.

ಮೊದಲು ಇದ್ದದ್ದು ಬುಟ್ಟಿ. ತೊಗರಿ ಕಟ್ಟಿಗೆಯಿಂದ ಹೆಣೆದದ್ದು. ಮರಿಗಳ ಸಮೇತ ಹೇಂಟೆಯ ಮೇಲೆ ಅದನ್ನು ಬೋರಲು ಹಾಕಿ, ಮೇಲೊಂದು ಕಲ್ಲು ಹೇರಿದರೆ ರಾತ್ರಿಯ ಕೆಲಸ ಮುಗಿಯಿತು. ಮರಿ ಇಲ್ಲದ ಕೋಳಿಗಳು, ಹುಂಜಗಳು ಬೇವಿನ ಮರ ಹತ್ತುತ್ತಿದ್ದವು. ಕೊಂಬೆಯ ಮೇಲೆ ಕುಕ್ಕರಿಸಿದೊಡನೆ ಕಾಲಿನ ನರ ಜಗ್ಗಿ ಬೆರಳುಗಳು ತಾವೇ ಮಡಚಿಕೊಳ್ಳುತ್ತವೆ. ನಿದ್ದೆಗಣ್ಣಲ್ಲೂ ಹಿಡಿತ ಸಡಿಲದು. ಕಾಡಿನಿಂದ ಬಂದ ಗುಣ ಅದು. ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿಯೇ ನಮ್ಮ ಕೋಳಿಗಳ ಮೂಲ. ಸಾಕುಕೋಳಿಯದೆಂದು ಖಚಿತವಾಗಿ ಹೇಳಬಹುದಾದ ಅತಿ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್‌ನಲ್ಲಿ ಸಿಕ್ಕಿವೆ ಎಂದು 2022ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಕಾಲ ಕ್ರಿಸ್ತಪೂರ್ವ 1650ರಿಂದ 1250ರ ನಡುವೆ. ಮನುಷ್ಯ ಬೆಳೆದ ಭತ್ತ, ನವಣೆಯಂಥ ಕಾಳಿನ ಆಸೆಗೆ ಹಕ್ಕಿ ಮರ ಇಳಿದು ಬಂತೆಂಬುದು ಅದರ ವಾದ. ಹಗಲು ಅಂಗಳ, ರಾತ್ರಿ ಮರ: ಈ ಒಪ್ಪಂದ ನಮ್ಮ ಓಣಿಯವರೆಗೂ ನಡೆದುಬಂದಿತ್ತು. ಹನ್ನೆರಡನೇ ಶತಮಾನದಲ್ಲಿ ಇಲ್ಲೇ ಪಕ್ಕದ ಕಲ್ಯಾಣದಲ್ಲಿದ್ದ ಬಸವಣ್ಣನವರು ಅಂಗಳದ ಕೋಳಿಯನ್ನು ಚೆನ್ನಾಗಿ ನೋಡಿದ್ದರು. ಸಿಕ್ಕ ಕಾಳಿಗೆ ತನ್ನವರನ್ನು ಕೂಗುವ ಅದರ ಗುಣವನ್ನು ವಚನವೊಂದರಲ್ಲಿ ಭಕ್ತರ ಮುಂದಿಟ್ಟಿದ್ದಾರೆ.

ಬುಟ್ಟಿ ಸೋತದ್ದು ಗಿರಿರಾಜನ ಮುಂದೆ. ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಹಿತ್ತಲ ಸಾಕಣೆಗೆಂದೇ ಬೆಳೆಸಿ 1989ರಲ್ಲಿ ಬಿಡುಗಡೆ ಮಾಡಿದ ತಳಿ ಅದು. ನಾಟಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಇದು 130–150 ಇಡುತ್ತದೆ. ತೂಕ ನಾಟಿಯ ಎರಡು ಪಟ್ಟು. ಆ ತೂಕಕ್ಕೇ ಮರ ಹತ್ತಲಾರದು. ಕಾವಿಗೂ ಕೂರದು. 2004ರಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಬೀದರಕ್ಕೇ ಬಂತು. ಹೆಬ್ಬಾಳದ ಕಾಲೇಜೂ ಅದರ ಅಧೀನಕ್ಕೆ ಸೇರಿತು. ಅವ್ವನ ಅಂಗಳಕ್ಕೆ ಹತ್ತು ಗಿರಿರಾಜ ಮರಿ ಬಂದಾಗ ಬುಟ್ಟಿ ಸಾಲಲಿಲ್ಲ. ಹಕ್ಕಿ ಮರ ಮರೆತ ಮೇಲೆ ರಾತ್ರಿಯ ಕಾವಲು ಮನುಷ್ಯನ ಪಾಲಿಗೆ ಬಿತ್ತು.

ನಮ್ಮ ಮೊದಲ ಗೂಡು ನಾಲ್ಕೂ ಕಡೆ ತಗಡಿನದು. ಮುಂಗುಸಿ ಹೋಗಲಿ, ಗಾಳಿಯೂ ನುಸುಳುತ್ತಿರಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಮೂರು ಕೋಳಿ ರೆಕ್ಕೆ ಅಗಲಿಸಿ, ಬಾಯಿ ತೆರೆದುಕೊಂಡೇ ಸತ್ತಿದ್ದವು. ಕೋಳಿಗೆ ಬೆವರಿಲ್ಲ, ತೇಕಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಅದಕ್ಕೆ ಚಳಿಗಿಂತ ಕಟ್ಟಿದ ಗಾಳಿಯೇ ಹೆಚ್ಚು ಕೇಡು ಎಂಬುದು ಆ ಮೂರರ ಜೀವ ಕೊಟ್ಟು ನಾವು ಕಲಿತ ಪಾಠ. ಇವತ್ತಿಗೂ ಆ ಮಧ್ಯಾಹ್ನ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎರಡನೆಯ ಗೂಡನ್ನು ನಮ್ಮ ಸೀಮೆಯ ಕೆಂಪು ಕಲ್ಲಿನಲ್ಲಿ, ಅಂದರೆ ಜಂಬಿಟ್ಟಿಗೆಯಲ್ಲಿ, ಕಟ್ಟಿದೆವು. ಗೋಡೆ ಸೊಂಟದೆತ್ತರ, ಅದರ ಮೇಲೆ ಮಾಡಿನವರೆಗೆ ಜಾಳಿಗೆ. ಬಿಸಿಲು ಉದ್ದದ ಗೋಡೆಗೆ ಬಡಿಯದಂತೆ ಗೂಡಿನ ಉದ್ದ ಪೂರ್ವ–ಪಶ್ಚಿಮ. ಹೆಗ್ಗಣ ತೋಡದಂತೆ ನೆಲಕ್ಕೆ ಶಹಾಬಾದ್ ಫರ್ಸಿ, ಅದರ ಮೇಲೆ ಮೂರು ಬೆರಳು ಶೇಂಗಾ ಸಿಪ್ಪೆ. ಕೂರಲು ಬೇವಿನ ಕೊಂಬೆ, ಕೋಳಿಗೆ ಒಂದು ಗೇಣು ಜಾಗ. ಕೊಂಬೆಗಳೆಲ್ಲ ಒಂದೇ ಮಟ್ಟಕ್ಕಿರಬೇಕು. ಒಂದು ಮೇಲಿದ್ದರೂ ಅದಕ್ಕಾಗಿ ರಾತ್ರಿಯೆಲ್ಲ ಕಿತ್ತಾಟ. ಹಳೆಯ ಬುಟ್ಟಿಗಳನ್ನು ಅವ್ವ ಎಸೆಯಲಿಲ್ಲ. ಮೂಲೆಯಲ್ಲಿ ಅಡ್ಡ ಮಲಗಿಸಿ ಹುಲ್ಲು ಹಾಸಿದಳು. ಮೊಟ್ಟೆಯೆಲ್ಲ ಅಲ್ಲೇ.

ಕಟ್ಟುವುದು ನಾಲ್ಕು ದಿನದ ಕೆಲಸ, ಕಾಯುವುದು ವರ್ಷವಿಡೀ. ಜಂಬಿಟ್ಟಿಗೆ ತೂತುತೂತಾದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿ ಬಡಿದಂತೆ ಗಟ್ಟಿ. ಆ ತೂತುಗಳಲ್ಲಿ ಕೋಳಿ ಉಣ್ಣಿ ಹಗಲೆಲ್ಲ ಅಡಗಿರುತ್ತದೆ. ರಾತ್ರಿ ಇಳಿದು ರಕ್ತ ಹೀರಿ, ಬೆಳಗಾಗುವುದರೊಳಗೆ ಮತ್ತೆ ಕಲ್ಲು ಸೇರುತ್ತದೆ. ಹಗಲಲ್ಲಿ ಕೋಳಿಯ ಮೈ ಎಷ್ಟು ಹುಡುಕಿದರೂ ಬೆಳೆದ ಉಣ್ಣಿ ಸಿಗದು. ತಿಂಗಳುಗಟ್ಟಲೆ ಉಪವಾಸವಿದ್ದೂ ಬದುಕಬಲ್ಲದು. ಅವ್ವ ರಾತ್ರಿ ಕಂದೀಲು ಹಿಡಿದು ಹೋಗಿ ಗೋಡೆಗೆ ಅಂಗೈ ಒತ್ತುತ್ತಾಳೆ. ಕೈಗೆ ರಕ್ತ ಮೆತ್ತಿದರೆ ಮರುದಿನವೇ ಸಂದಿಗಳಿಗೆಲ್ಲ ಮಣ್ಣು ಮೆತ್ತಿ ಸುಣ್ಣ. ಒಲೆಯ ಬೂದಿ ಅಂಗಳದ ಮೂಲೆ ಸೇರುತ್ತದೆ, ಕೋಳಿ ಹೊರಳಾಡಿ ಹೇನು ಉದುರಿಸಿಕೊಳ್ಳಲೆಂದು. ವಾರಕ್ಕೊಮ್ಮೆ ಸಿಪ್ಪೆ ಕೆದರಬೇಕು. ಗೂಡಿಗೆ ಕಾಲಿಟ್ಟರೆ ಕಣ್ಣು ಉರಿಯಿತೋ, ಕೋಳಿಯ ಎದೆಯೂ ಉರಿಯುತ್ತಿದೆ ಎಂದೇ ಲೆಕ್ಕ. ಸಿಪ್ಪೆ ಪೂರ್ತಿ ಬದಲಿಸಬೇಕು, ಹಳೆಯದು ತಿಪ್ಪೆಗೆ. ಇಷ್ಟನ್ನೂ ಮಾಡುವವರು ಹೆಂಗಸರು. ಸಂತೆಯಲ್ಲಿ ಮೊಟ್ಟೆ ಮಾರಿದ ದುಡ್ಡು ಅವ್ವನ ಸೆರಗಿನ ಗಂಟಿನಲ್ಲಿ ಇರುವುದು ನ್ಯಾಯ.

ಗೂಡಿನ ದೊಡ್ಡ ಉಪಕಾರ ನನಗೆ ತಿಳಿದದ್ದು ಲಸಿಕೆಯ ದಿನ. ಕೊಕ್ಕರೆ ರೋಗ ಹೊಕ್ಕರೆ ಹಸಿರು ಹಿಕ್ಕೆ, ತಿರುಚಿದ ಕತ್ತು, ಎರಡು ಮೂರು ದಿನಕ್ಕೆ ಓಣಿಯೇ ಖಾಲಿ. ರಾಣಿಖೇತ್ ಎಂಬ ಬೆಟ್ಟದೂರಿನ ಹೆಸರು ಹೊತ್ತ ಈ ರೋಗಕ್ಕೆ ಔಷಧವಿಲ್ಲ, ಲಸಿಕೆಯೊಂದೇ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟನೇ ವಾರದ ಸುಮಾರಿಗೆ ರೆಕ್ಕೆಯ ಬುಡಕ್ಕೆ ಸೂಜಿ. ಮಂಜುಗಡ್ಡೆಯಲ್ಲಿಟ್ಟು ತರುವ ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಲಸಿಕೆ. ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಹತ್ತು ಕೋಳಿಗೆಂದು ತೆರೆದರೆ ಉಳಿದದ್ದು ವ್ಯರ್ಥ. ಹಾಗಾಗಿ ಹಿಂದಿನ ಸಂಜೆಯೇ ಓಣಿಯ ಮನೆಮನೆಗೂ ಹೇಳಿಕಳಿಸುತ್ತೇವೆ: ‘ನಾಳೆ ಮುಂಜಾನಿ ಕೋಳಿ ಬಿಡಬ್ಯಾಡ್ರಿ.’ ಮರದ ಮೇಲೆ ಮಲಗಿದ ಕೋಳಿಗೆ ಯಾರು ಸೂಜಿ ಹಾಕಿಯಾರು? ಗೂಡಿದ್ದರೆ ಹೊತ್ತು ಹುಟ್ಟುವ ಮೊದಲೇ ಒಂದೊಂದಾಗಿ ಕೈಗೆ ಬರುತ್ತವೆ.

ಗಿರಿರಾಜಗಳ ನಡುವೆ ಅವ್ವ ಒಂದು ಕರಿ ನಾಟಿ ಹೇಂಟೆಯನ್ನು ಉಳಿಸಿಕೊಂಡಿದ್ದಾಳೆ. ಕಾವಿಗೆ ಕೂರಬಲ್ಲದ್ದು ಅದೊಂದೇ. ಮೊನ್ನೆ ಇಪ್ಪತ್ತೊಂದನೇ ದಿನಕ್ಕೆ ಒಂಬತ್ತು ಮರಿ ಮಾಡಿತು. ದೊಡ್ಡ ಕೋಳಿಗಳು ಕುಕ್ಕಿಯಾವೆಂದು ಅದನ್ನು ಗೂಡಿಗೆ ಬಿಟ್ಟಿಲ್ಲ. ಗೂಡಿನ ಚಿಲಕ ಹಾಕಿ ಬಂದ ಅವ್ವ ಪಡಸಾಲೆಯ ಮೂಲೆಯಲ್ಲಿ ಅದರ ಮೇಲೆ ಬುಟ್ಟಿ ಬೋರಲು ಹಾಕಿದಳು, ಮೇಲೊಂದು ಕಲ್ಲು ಇಟ್ಟಳು. ಒಳಗೆ ಸ್ವಲ್ಪ ಹೊತ್ತು ಚಿಂವ್‌ಗುಟ್ಟುವ ಸದ್ದು ಕೇಳಿ, ನಿಂತಿತು.