ಧೂಮಪಾನ ನಿಷೇಧ: ಬೋರ್ಡು ಹಾಕಿದರೆ ಸಾಕೇ?



ನಾನು ಬರಹಗಾರನಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಉಳಿದದ್ದನ್ನು ಹೋಟೆಲಿನಲ್ಲೇ ಕಲಿತವನು. ನಮ್ಮ ಸಭೆಯಲ್ಲಿ ತಂಬಾಕು ಕಾನೂನಿನ ಮಾತು ಬಂದಾಗ "ಬೋರ್ಡು ಹಾಕಿದ್ದೇವಲ್ಲ, ಇನ್ನೇನು ಬೇಕು?" ಎಂದು ಕೆಲವರು ಕೇಳಿದರು. ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ. ಯಾಕೆಂದು ತಿಳಿಸುವುದಕ್ಕೇ ಈ ನಾಲ್ಕು ಮಾತು.

1986ರಲ್ಲಿ ನಾನು ಟೇಬಲ್ ಒರೆಸುವ ಕೆಲಸಕ್ಕೆ ಸೇರಿದ ಹೋಟೆಲಿನಲ್ಲಿ ಪ್ರತಿ ಟೇಬಲಿಗೂ ಒಂದು ಆಶ್‌ಟ್ರೇ ಇತ್ತು. ರಾತ್ರಿ ಬಾಗಿಲು ಹಾಕಿದ ಮೇಲೆ ಅವನ್ನೆಲ್ಲ ತೊಳೆಯುವುದು ನನ್ನ ಪಾಲಿನ ಕೆಲಸ. ಚಹಾ ಕುಡಿದು ಸಿಗರೇಟು ಹಚ್ಚದ ಗಿರಾಕಿ ಅಪರೂಪ. ಅದು ತಪ್ಪು ಎಂದು ಆಗ ಯಾರೂ ತಿಳಿದಿರಲಿಲ್ಲ.

ಕಾನೂನು ಬಂದ ದಾರಿ

ಮುಂಬಯಿಯವರೇ ಆದ ಮುರಳಿ ದೇವ್ರಾ ಅವರು ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2001ರ ನವೆಂಬರ್ 2ರಂದು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಲ್ಲಿಸುವಂತೆ ಆದೇಶ ಕೊಟ್ಟಿತು. ಸೇದದವನು ಇನ್ನೊಬ್ಬನ ಹೊಗೆಯಿಂದ ಯಾಕೆ ಸಾಯಬೇಕು ಎಂಬುದೇ ಅದರ ತಿರುಳು. ನಂತರ 2003ರಲ್ಲಿ ಕೇಂದ್ರ ಸರಕಾರದ ತಂಬಾಕು ನಿಯಂತ್ರಣ ಕಾಯಿದೆ ಬಂತು. ಎಲ್ಲರೂ ಕೋಟ್ಪಾ ಎನ್ನುವುದು ಇದನ್ನೇ. ಇದರ ಕೆಳಗೆ ಮಾಡಿದ ಹೊಸ ನಿಯಮಗಳು 2008ರ ಅಕ್ಟೋಬರ್ 2, ಗಾಂಧಿ ಜಯಂತಿಯಂದು ದೇಶದಾದ್ಯಂತ ಜಾರಿಗೆ ಬಂದವು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿ ಎಲ್ಲ ಕಡೆಗೂ ಇದು ಅನ್ವಯ. ಅದರ ಮೇಲೆ ಆಯಾ ರಾಜ್ಯದ ನಿಯಮ ಬೇರೆ.

ನಮ್ಮ ಮೇಲಿರುವ ಹೊಣೆ

ಒಂದು, ಪ್ರತಿ ಪ್ರವೇಶದ್ವಾರದಲ್ಲಿ ಮತ್ತು ಪ್ರತಿ ಮಹಡಿಯಲ್ಲಿ ಬೋರ್ಡು ಇರಬೇಕು. ಅಳತೆ ಕನಿಷ್ಠ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ಗಲ್ಲಾದ ಹಿಂದೆ ದೇವರ ಫೋಟೋದ ಪಕ್ಕ ಅಂಟಿಸಿದ ಸಣ್ಣ ಚೀಟಿ ಲೆಕ್ಕಕ್ಕಿಲ್ಲ.

ಎರಡು, ಯಾರಾದರೂ ಸೇದಿದರೆ ಯಾರಲ್ಲಿ ದೂರು ಕೊಡಬೇಕು ಎಂದು ಹೆಸರು ಬರೆದು ಹಾಕಬೇಕು.

ಮೂರು, ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಯಾವುದನ್ನೂ ಒದಗಿಸಬಾರದು. ಗಲ್ಲಾದ ಮೇಲೆ ಹಗ್ಗಕ್ಕೆ ಕಟ್ಟಿದ ಲೈಟರ್ ಕೂಡ ತಪ್ಪೇ.

ನಾಲ್ಕು, ಸೇದಿದವನಿಗೆ 200 ರೂಪಾಯಿಯವರೆಗೆ ದಂಡ. ದೂರು ಬಂದ ಮೇಲೂ ನಾವು ಸುಮ್ಮನಿದ್ದರೆ, ಎಷ್ಟು ತಪ್ಪು ನಡೆದಿದೆಯೋ ಅಷ್ಟರ ದಂಡ ನಮ್ಮ ತಲೆಗೆ.

ಐದು, 30 ಅಥವಾ ಹೆಚ್ಚು ಆಸನಗಳಿದ್ದರೆ ಪ್ರತ್ಯೇಕ ಧೂಮಪಾನ ಕೋಣೆ ಮಾಡಬಹುದು. ಆದರೆ ನಾಲ್ಕೂ ಕಡೆ ಪೂರ್ಣ ಎತ್ತರದ ಗೋಡೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಹೊಗೆಯನ್ನು ನೇರ ಹೊರಗೆ ಹಾಕುವ ವ್ಯವಸ್ಥೆ ಬೇಕು. ಅಲ್ಲಿ ಊಟ, ತಿಂಡಿ, ಚಹಾ ಕೊಡುವಂತಿಲ್ಲ. ಮೂಲೆಯಲ್ಲಿ ಪಾರ್ಟಿಶನ್ ಹಾಕಿ ಫ್ಯಾನ್ ತಿರುಗಿಸಿದರೆ ಅದು ಧೂಮಪಾನ ಕೋಣೆ ಆಗುವುದಿಲ್ಲ.

ಇ-ಸಿಗರೇಟಿನ ಮಾರಾಟ 2019ರಿಂದ ದೇಶವಿಡೀ ನಿಷಿದ್ಧ. ಹುಕ್ಕಾ ಪಾರ್ಲರ್‌ಗಳನ್ನು ಮಹಾರಾಷ್ಟ್ರ 2018ರಲ್ಲಿ ನಿಷೇಧಿಸಿತು. ಊರಿನಲ್ಲೂ ಹೋಟೆಲ್ ಇರುವವರು ಗಮನಿಸಿ: ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದಿದೆ. ಅಲ್ಲಿ ಈಗ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ದಂಡ 1,000 ರೂಪಾಯಿಗೆ ಏರಿದೆ, ಹುಕ್ಕಾ ಬಾರ್ ನಡೆಸಿದರೆ ಜೈಲು.

ಹೊಗೆ ಯಾರ ಪಾಲಿಗೆ?

ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಇನ್ನೊಬ್ಬರು ಬಿಟ್ಟ ಹೊಗೆಯಿಂದಲೂ ಶ್ವಾಸಕೋಶದ ಕ್ಯಾನ್ಸರ್, ಹೃದ್ರೋಗ ಬರುತ್ತವೆ. ಇಷ್ಟು ಹೊಗೆಯಾದರೆ ಪರವಾಗಿಲ್ಲ ಎಂಬ ಮಿತಿಯೇ ಇಲ್ಲ ಎಂದು ವೈದ್ಯರು ಹೇಳುತ್ತಾರೆ. ಗಿರಾಕಿ ಅರ್ಧ ಗಂಟೆ ಕುಳಿತು ಎದ್ದು ಹೋಗುತ್ತಾನೆ. ದಿನವಿಡೀ ಆ ಗಾಳಿಯಲ್ಲೇ ಇರುವವರು ನಮ್ಮ ಸಪ್ಲಾಯರ್ ಹುಡುಗರು, ಮತ್ತು ಗಲ್ಲಾದಲ್ಲಿ ಕುಳಿತ ನಾವು.

ಈ ಹೊಗೆಯನ್ನು ಬೋರ್ಡು ಬಹಳ ಮಟ್ಟಿಗೆ ತಡೆದಿದೆ, ಒಪ್ಪೋಣ. ಆದರೆ ಹೊಗೆ ಬಾರದ ತಂಬಾಕನ್ನು ಬೋರ್ಡು ತಡೆಯುವುದಿಲ್ಲ. 2016-17ರ ಸರಕಾರಿ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸೇದುವವರು ನೂರಕ್ಕೆ 10.7, ಜಗಿಯುವವರು 21.4. ಅಂದರೆ ಎರಡು ಪಟ್ಟು. ಇವರಲ್ಲಿ ಅನೇಕರು ನಮ್ಮ ಅಡುಗೆಮನೆಯಲ್ಲೇ ಇದ್ದಾರೆ.

ದೋಸೆ ಕಲ್ಲಿನ ಎದುರು

ನಮ್ಮಲ್ಲಿ ದೋಸೆ ಕಲ್ಲಿನ ಎದುರು ಇಪ್ಪತ್ತೆರಡು ವರ್ಷ ನಿಂತ ಒಬ್ಬರು ಅಣ್ಣ ಇದ್ದರು. ಹೆಸರು ಬೇಡ. ಭಟ್ಟಿಯ ಬಿಸಿ, ಬೆಳಿಗ್ಗೆ ಐದಕ್ಕೆ ಏಳುವುದು, ನಿದ್ದೆ ಕಮ್ಮಿ. ಮೊದಲು ಬೀಡಿ ಸೇದುತ್ತಿದ್ದರು. ಒಳಗೆ ಸೇದಬಾರದು ಎಂದಾದ ಮೇಲೆ ತಂಬಾಕು-ಸುಣ್ಣ ತಿಕ್ಕಿ ಕೆನ್ನೆಯಲ್ಲಿಟ್ಟುಕೊಂಡರು, ಆಮೇಲೆ ಗುಟ್ಕಾ. ನನಗೆ ಗೊತ್ತಿತ್ತು. "ಗಿರಾಕಿ ಎದುರು ಉಗುಳಬೇಡಿ ಅಣ್ಣ" ಎಂದದ್ದು ಬಿಟ್ಟರೆ ನಾನು ಬೇರೇನೂ ಹೇಳಲಿಲ್ಲ. ಕೈ ಒಳ್ಳೆಯದು, ದೋಸೆ ಹದವಾಗಿ ಬರುತ್ತದೆ, ಮತ್ತೇನು ಬೇಕು ಎಂದುಕೊಂಡೆ.

2014ರಲ್ಲಿ ಒಂದು ದಿನ ಅವರು ಚಟ್ನಿ ರುಚಿ ನೋಡಲು ಪಕ್ಕದ ಹುಡುಗನಿಗೆ ಕೊಟ್ಟದ್ದನ್ನು ಕಂಡೆ. ಮರುದಿನವೂ ಹಾಗೆಯೇ. ಕೇಳಿದರೆ "ಖಾರ ತಾಗಿದರೆ ಬಾಯಿ ಉರಿಯುತ್ತದೆ ಸೇಟ್ರೇ" ಎಂದರು. ಊಟಕ್ಕೆ ಬರೀ ಗಂಜಿ. ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಡಾಕ್ಟರರಲ್ಲಿ ಕರೆದುಕೊಂಡು ಹೋಗುವಾಗ ಕೆನ್ನೆಯ ಒಳಗಿನ ಬಿಳಿ ಕಲೆ ಹುಣ್ಣಾಗಿತ್ತು. ಆಪರೇಶನ್ ಆಯಿತು, ಕೆನ್ನೆ ಮತ್ತು ದವಡೆಯ ಒಂದು ಭಾಗ ತೆಗೆದರು. ಜೀವ ಉಳಿಯಿತು. ಈಗ ಊರಿನಲ್ಲಿದ್ದಾರೆ. ಫೋನು ಮಾಡಿದರೆ ಅವರ ಮಾತು ನನಗೆ ಅರ್ಥವಾಗುವುದಿಲ್ಲ, ಮಗಳು ಪಕ್ಕದಲ್ಲಿ ನಿಂತು ಹೇಳುತ್ತಾಳೆ.

ತಡವಾಗಿ ಬಂದದ್ದಕ್ಕೆ ನಾನು ಅವರನ್ನು ಎಷ್ಟೋ ಸಲ ಗದರಿಸಿದ್ದೇನೆ. ಇದಕ್ಕೆ ಒಂದು ಸಲವೂ ಗದರಿಸಲಿಲ್ಲ.

ನಮಗೆ ಕಹಿಯಾದ ಒಂದು ಮಾತು

ಮಹಾರಾಷ್ಟ್ರದಲ್ಲಿ ಗುಟ್ಕಾ 2012ರಿಂದ ನಿಷಿದ್ಧ. ಆಹಾರ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಸೇರಿಸಬಾರದು ಎಂಬ 2011ರ ಆಹಾರ ಸುರಕ್ಷಾ ನಿಯಮದ ಆಧಾರದಲ್ಲಿ ಒಂದೊಂದೇ ರಾಜ್ಯ ಹೀಗೆ ನಿಷೇಧಿಸಿತು. ಆದರೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಬೇರೆ ಮಾಡಿ ಮಾರುವವರು ಹುಟ್ಟಿಕೊಂಡರು. ಎರಡೂ ಬಾಯಿಯಲ್ಲಿ ಸೇರಿದರೆ ಗುಟ್ಕಾವೇ.

ತಂಬಾಕು ಇಲ್ಲದಿದ್ದರೆ ಅಪಾಯವಿಲ್ಲ ಎಂದು ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬಾಯಿ ಬಿಗಿದು ತೆರೆಯದಂತಾಗುವ ರೋಗಕ್ಕೆ ಮುಖ್ಯ ಕಾರಣ ಅಡಿಕೆಯೇ. ನಮ್ಮಲ್ಲಿ ಹಲವರ ಮನೆ ನಡೆದದ್ದು ಅಡಿಕೆ ತೋಟದಿಂದ, ನನ್ನದೂ ಹಾಗೆಯೇ. ಬೆಳೆಗಾರರ ಹೊಟ್ಟೆಪಾಡಿನ ಪ್ರಶ್ನೆ ದೊಡ್ಡದು, ಅದು ಈ ಲೇಖನದಲ್ಲಿ ಮುಗಿಯುವುದಲ್ಲ. ಆದರೆ ದಿನವಿಡೀ ಜಗಿಯುವ ಹುಡುಗನಿಗೆ ಸತ್ಯ ಹೇಳದೆ ಇರಲಾಗುವುದಿಲ್ಲ.

ಬಾಗಿಲ ಬಳಿಯ ಬೀಡಾ ಅಂಗಡಿ

ನಮ್ಮ ಹೋಟೆಲಿನ ಎದುರು ನಾನೇ ಬಾಡಿಗೆಗೆ ಕೊಟ್ಟ ಬೀಡಾ ಅಂಗಡಿ ಇತ್ತು. ಬಾಡಿಗೆ ಸಮಯಕ್ಕೆ ಸರಿಯಾಗಿ ಬರುತ್ತಿತ್ತು. ದೇಶದ ಕಾನೂನಿನಂತೆ 18 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಶಾಲೆ-ಕಾಲೇಜುಗಳಿಂದ 100 ಗಜದ ಒಳಗೆ ಯಾರಿಗೂ ಮಾರುವಂತಿಲ್ಲ. 2015ರ ಬಾಲ ನ್ಯಾಯ ಕಾಯಿದೆಯಂತೆ ಮಕ್ಕಳಿಗೆ ತಂಬಾಕು ಕೊಟ್ಟವನಿಗೆ 7 ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಹತ್ತಿರದಲ್ಲೇ ಶಾಲೆಯಿದೆ. ಅಣ್ಣ ಊರಿಗೆ ಹೋದ ತಿಂಗಳೇ ಆ ಅಂಗಡಿ ತೆಗೆಸಿದೆ. ಬಾಡಿಗೆ ಹೋಯಿತು, ಗಿರಾಕಿ ಹೋಗಲಿಲ್ಲ.

ನಾವು ಮಾಡಬಹುದಾದದ್ದು

ಅಡುಗೆಮನೆಯಲ್ಲಿ ಸೇದುವುದು, ಜಗಿಯುವುದು, ಉಗುಳುವುದು ಆಹಾರ ಸುರಕ್ಷಾ ನಿಯಮಕ್ಕೂ ವಿರುದ್ಧ. ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಹೇಗೂ ಮಾಡಿಸಲೇಬೇಕು. ಸರ್ಟಿಫಿಕೇಟಿಗೆ ಸಹಿ ತೆಗೆದುಕೊಂಡು ಬಾರದೆ, ಬಾಯಿಗೆ ಟಾರ್ಚು ಹಾಕಿ ನೋಡಿ ಎಂದು ಡಾಕ್ಟರರಿಗೆ ಹೇಳಿ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಯೊಳಗೆ ಹೋಗದಿದ್ದರೆ, ಬಿಳಿ ಅಥವಾ ಕೆಂಪು ಕಲೆ ಇದ್ದರೆ, ಎರಡು-ಮೂರು ವಾರದಲ್ಲಿ ಮಾಯದ ಹುಣ್ಣಿದ್ದರೆ, ಖಾರ ಉರಿದರೆ ತಡಮಾಡಬೇಡಿ. ಬೇಗ ಕಂಡರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಬಿಡಲು ಬಯಸುವವರಿಗೆ ಸರಕಾರದ ಉಚಿತ ಸಹಾಯವಾಣಿ 1800-11-2356. ಈ ನಂಬರನ್ನು ನಾನು ಹುಡುಗರು ಮಲಗುವ ಕೋಣೆಯ ಗೋಡೆಯಲ್ಲಿ ಬರೆಸಿದ್ದೇನೆ. ಕೆಲಸದಿಂದ ತೆಗೆಯುತ್ತೇನೆಂದು ಹೆದರಿಸಿದರೆ ಅಡಗಿಸಿ ತಿನ್ನುತ್ತಾರೆ, ಅಷ್ಟೆ. ಕುಳ್ಳಿರಿಸಿ ಮಾತಾಡಬೇಕು. ನಮ್ಮಲ್ಲಿ ನಾಲ್ವರು ಬಿಡಲು ಹೊರಟರು. ಇಬ್ಬರು ಪೂರ್ತಿ ಬಿಟ್ಟರು, ಒಬ್ಬ ಮತ್ತೆ ಹಿಡಿದ, ಇನ್ನೊಬ್ಬ ಮೂರನೇ ಸಲ ಪ್ರಯತ್ನಿಸುತ್ತಿದ್ದಾನೆ. ಲವಂಗ, ಬಡೇಸೋಪು ಗಲ್ಲಾದಿಂದಲೇ ಕೊಡುತ್ತೇನೆ.

ಊರಿನಿಂದ ಹುಡುಗರನ್ನು ಕಳುಹಿಸುವಾಗ ತಾಯಂದಿರು "ನಿಮ್ಮ ಮಗನ ಹಾಗೆ ನೋಡಿಕೊಳ್ಳಿ" ಎನ್ನುತ್ತಾರೆ. ನಾವು "ಆಯಿತಮ್ಮ" ಎನ್ನುತ್ತೇವೆ. ಬೋರ್ಡು ಇನ್ಸ್‌ಪೆಕ್ಟರಿಗೆ ಸಾಕು. ಆ ತಾಯಿಗೆ ಕೊಟ್ಟ ಮಾತಿಗೆ ಸಾಲದು. ನಾಳೆ ಬೆಳಿಗ್ಗೆ ಹೋಟೆಲ್ ತೆರೆದಾಗ, ಗಲ್ಲಾಕ್ಕೆ ಕೂರುವ ಮೊದಲು ಒಮ್ಮೆ ಒಳಗೆ ಹೋಗಿ, ಚಟ್ನಿಯ ರುಚಿ ಯಾರು ನೋಡುತ್ತಿದ್ದಾರೆ, ಯಾರು ನೋಡುತ್ತಿಲ್ಲ ಎಂದು ಗಮನಿಸಿ ಬನ್ನಿ.